ಕಲ್ಲೊಡ್ಡಿಯ ಮಗ್ಗಗಳು ಒಂದು ತಿಂಗಳು ಸುಮ್ಮನಿದ್ದದ್ದು

ಕಲ್ಲೊಡ್ಡಿ, ಮಲಪ್ರಭಾ ನದಿಯ ದಂಡೆ.
೨೩೦೬ನೆಯ ಇಸವಿ, ಹದಿಮೂರನೆಯ ತಿಂಗಳು, ಹತ್ತೊಂಬತ್ತನೆಯ ದಿನ.

ನಮಗಿಂತ ಬಹಳ ಹಿಂದೆ ಇರುವ ಹಿರಿಯರಿಗೆ, ಈ ಊರಿನ ಗಿರಿಮಲ್ಲನ ನಮಸ್ಕಾರಗಳು.

ಈ ಕಥೆಯನ್ನು ಮೊದಲು ಹೇಳಿದವಳು ನೇಕಾರರಿಗೆ ನೂಲಿನ ಕಂಡಿಕೆ ಸುತ್ತಿಕೊಡುವ ಬಸಲಿಂಗವ್ವ. ೨೧೬೩ನೆಯ ಇಸವಿಯ ಬೆನಕನ ಅಮಾವಾಸ್ಯೆಯ ದಿನ, ಬಿಸಿಲು ಇಳಿಯುವ ಹೊತ್ತಿಗೆ, ನಮ್ಮ ನೇಕಾರ ಓಣಿಯ ಬೇವಿನ ಕಟ್ಟೆಯ ಮೇಲೆ ಕೂತು ಹೇಳಿದಳು. ಕೇಳಿದವರು ಬೇರೆ ಯಾರೂ ಅಲ್ಲ, ಕಥೆಯೊಳಗೆ ಇದ್ದವರೇ. ತಾವು ಮಾಡಿದ್ದೇನು, ಅದರಿಂದ ಆದದ್ದೇನು ಎಂದು ಅವರಿಗೇ ಸರಿಯಾಗಿ ತಿಳಿದಿರಲಿಲ್ಲ. ಈ ಕಥೆಯ ನಡುವಿರುವ ಗೋಡೆಯ ಎರಡೂ ಕಡೆ ಓಡಾಡಿದ್ದವಳು ಬಸಲಿಂಗವ್ವ ಒಬ್ಬಳೇ. ಹಾಗಾಗಿ ಅವಳನ್ನು ಕಟ್ಟೆಗೆ ಹತ್ತಿಸಿ, ಕುಡಿಯಲು ಮಜ್ಜಿಗೆ ಕೊಟ್ಟು, ಮೊದಲಿನಿಂದ ಹೇಳು ಎಂದರು. ಅವಳಿಂದ ಅವಳ ಮಗಳಿಗೆ, ಮಗಳಿಂದ ನನ್ನ ಮುತ್ತಜ್ಜನಿಗೆ, ಹೀಗೆ ಬಾಯಿಂದ ಬಾಯಿಗೆ ಇಳಿದು ನನ್ನ ತನಕ ಬಂದಿದೆ. ನಾನು ಇದರಲ್ಲಿ ಬಿಟ್ಟದ್ದು ಬಸಲಿಂಗವ್ವನ ಬೈಗುಳಗಳನ್ನು ಮಾತ್ರ. ಅವು ಬಹಳ ಚೆನ್ನಾಗಿವೆ, ಆದರೆ ಕಾಗದದಲ್ಲಿ ಬರೆಯುವಂಥವಲ್ಲ.

ಮೇಲಿನ ತಾರೀಕು ನೋಡಿ ನೀವು ಹುಬ್ಬೇರಿಸಿರಬಹುದು. ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು, ತಿಂಗಳಿಗೆ ಇಪ್ಪತ್ತೆಂಟು ದಿನ. ಉಳಿಯುವ ಒಂದು ದಿನವನ್ನು ಯಾವ ತಿಂಗಳಿಗೂ ಸೇರಿಸದೆ ಬಿಡುದಿನ ಎಂದು ಕರೆಯುತ್ತೇವೆ; ಆ ದಿನ ಯಾರೂ ಯಾರಿಗೂ ಕೆಲಸ ಹೇಳುವಂತಿಲ್ಲ. ಹುಣ್ಣಿಮೆ ಅಮಾವಾಸ್ಯೆಗಳನ್ನು ಮಾತ್ರ ಚಂದ್ರನಿಗೇ ಬಿಟ್ಟಿದ್ದೇವೆ. ಇನ್ನು ಕೆಲವು ಮಾತುಗಳು ನಿಮಗೆ ಹೊಸತಾಗಿ ಕಾಣುತ್ತವೆ. ಅದಕ್ಕೆ ಕ್ಷಮೆ ಇರಲಿ. ನಿಮ್ಮ ಕಾಗದಗಳನ್ನು ಓದುವಾಗ ನಮಗೂ ಹಾಗೇ ಆಗುತ್ತದೆ. ಎದುರಾದ ಕಡೆಯಲ್ಲೇ ಬಿಡಿಸಿ ಹೇಳುತ್ತ ಹೋಗುತ್ತೇನೆ.

ನಮ್ಮ ಊರು ದೊಡ್ಡದಲ್ಲ. ನದಿಗೆ ಬೆನ್ನು ಕೊಟ್ಟು ಮೂರು ಓಣಿಗಳು, ನಡುವೆ ನೇಕಾರ ಓಣಿ. ನಿಮ್ಮ ಕಾಲದಲ್ಲಿ ಕೈಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದವು ಎಂದು ಓದಿದ್ದೇನೆ. ನಮ್ಮಲ್ಲಿ ಅವು ಮರಳಿ ಬಂದು ಇನ್ನೂರು ವರ್ಷದ ಮೇಲಾಯಿತು. ಈಗ ಬಟ್ಟೆ ಎಂದರೆ ನೇಯ್ದವರ ಗುರುತು ಅಂಚಿನಲ್ಲಿ ಇರಲೇಬೇಕು. ಹರಿದರೆ ಅದೇ ಮನೆಗೆ ಒಯ್ಯುತ್ತಾರೆ, ಅವರೇ ಸರಿಮಾಡಿ ಕೊಡುತ್ತಾರೆ, ಜೊತೆಗೆ ಇಷ್ಟು ಬೇಗ ಹೇಗೆ ಹರಿದುಕೊಂಡೆ ಎಂದು ಎರಡು ಮಾತು ಅನ್ನುತ್ತಾರೆ. ಮಗ್ಗವೆಲ್ಲ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ತುಳಿದು, ಲಾಳಿ ಎಸೆದು, ಹಲಗೆಯನ್ನು ಎದೆಯ ಕಡೆಗೆ ಎಳೆದು ಬಡಿಯಬೇಕು. ಬಡಿದ ಪೆಟ್ಟು ನೆಲಕ್ಕೆ ಇಳಿಯುತ್ತದೆ. ಮನೆಗಳು ಉಸಿರುಗೋಡೆಯವು, ಹೊಳೆಯ ಮಣ್ಣು, ಜೋಳದ ದಂಟು, ಸುಣ್ಣ ಕಲಸಿ ಎರಡು ಮನೆಗೆ ಒಂದೇ ಎಂದು ಕಟ್ಟಿದ ದಪ್ಪ ಗೋಡೆಗೆ ಆ ಹೆಸರು. ಬೇಸಿಗೆಯಲ್ಲಿ ಒಳಗೆ ತಂಪಾಗಿರುತ್ತದೆ. ಆದರೆ ಒಂದು ಮನೆಯಲ್ಲಿ ಬಡಿದರೆ ಇನ್ನೊಂದು ಮನೆಯ ಗೋಡೆಗೆ ಒರಗಿದವನ ಬೆನ್ನಿಗೆ ಅದು ಗೊತ್ತಾಗುತ್ತದೆ.

ಪ್ರತಿ ಊರೂ ಎಲ್ಲರ ತಿಳಿವಿಗಾಗಿ ಒಂದು ಕೆಲಸ ಹೊತ್ತುಕೊಳ್ಳುವುದು ಆ ಕಾಲಕ್ಕಾಗಲೇ ರೂಢಿಯಾಗಿತ್ತು. ಅದಕ್ಕೆ ಪಾಲುಗೆಲಸ ಎಂದು ಹೆಸರು. ಪಕ್ಕದ ಊರಿನವರು ಮಳೆ ಅಳೆಯುತ್ತಿದ್ದರು, ಅದರಾಚೆಯವರು ಬೀಜ ಕಾಯುತ್ತಿದ್ದರು. ಕಲ್ಲೊಡ್ಡಿಯ ಪಾಲಿಗೆ ಬಂದದ್ದು ಇಲಿಮನೆ; ಅದನ್ನು ನೇಕಾರ ಓಣಿಯಲ್ಲೇ, ಮಗ್ಗದ ಮನೆಗಳಿಗೆ ಗೋಡೆ ತಾಗಿಸಿ ಕಟ್ಟಿದ್ದರು. ನಾಡಿನಲ್ಲಿ ಒಟ್ಟು ಒಂಬತ್ತು ಇಲಿಮನೆಗಳಿದ್ದವು. ಅಲ್ಲಿ ಬಿಳಿ ಇಲಿಗಳನ್ನು ಸಾಕಿ, ಅವು ಎಚ್ಚರವಾಗಿ ಸುಮ್ಮನೆ ಮಲಗಿರುವಾಗ ಒಳಗನ್ನಡಿಯಿಂದ ಅವುಗಳ ಮಿದುಳನ್ನು ಓದುತ್ತಿದ್ದರು. ಒಳಗನ್ನಡಿ ಎಂದರೆ ತಲೆಯನ್ನು ಕೊಯ್ಯದೆ, ಚುಚ್ಚದೆ ಒಳಗಿನ ರಕ್ತದ ಹರಿವನ್ನು ನೋಡುವ ಯಂತ್ರ. ನೀವು ಎಂಆರ್‌ಐ ಎನ್ನುವ ದೊಡ್ಡ ಅಯಸ್ಕಾಂತದ ಕೊಳವೆಗೆ ಅದು ಮೊಮ್ಮಗಳಾಗಬೇಕು. ಇಲಿಯಾಗಲಿ ಮನುಷ್ಯನಾಗಲಿ ಏನೂ ಮಾಡದೆ ಕೂತಾಗಲೂ ಮಿದುಳು ಸುಮ್ಮನಿರುವುದಿಲ್ಲ. ಅದರ ಒಂದು ಕೇರಿ ಇನ್ನೊಂದು ಕೇರಿಯ ಜೊತೆ ಮಾತಾಡುತ್ತಲೇ ಇರುತ್ತದೆ, ಕೆಲಸ ಬಿಟ್ಟ ಮೇಲೆ ಓಣಿಯವರು ಕಟ್ಟೆಯ ಮೇಲೆ ಕೂತು ಮಾತಾಡಿದ ಹಾಗೆ. ಯಾವುದು ಯಾವುದರ ಜೊತೆ ಏರಿ ಇಳಿಯುತ್ತದೆ ಎಂದು ನೋಡಿ ಗೆರೆ ಎಳೆದರೆ ಒಂದು ಬಲೆಯ ಚಿತ್ರ ಬರುತ್ತದೆ. ನಾವು ಅದನ್ನು ತಂಗುಬಲೆ ಅನ್ನುತ್ತೇವೆ. ಇಲಿಯ ಮಿದುಳಿನಲ್ಲಿ ಮೀಸೆಗೆ ಬಹಳ ದೊಡ್ಡ ಜಾಗ. ಎಡಗಡೆ ಒಂದು ಮೀಸೆಕೇರಿ, ಬಲಗಡೆ ಒಂದು. ಕಣ್ಣಿಗಿಂತ ಮೀಸೆಯಿಂದಲೇ ಅದು ಲೋಕವನ್ನು ತಡವಿ ನೋಡುವುದು.

ನಮ್ಮ ಇಲಿಮನೆಯನ್ನು ನೋಡಿಕೊಳ್ಳುತ್ತಿದ್ದವಳು ಸಾವಂತ್ರೆವ್ವ. ಅದೇ ಓಣಿಯ ನೇಕಾರರ ಮಗಳು. ಮೂವತ್ತನಾಲ್ಕನೆಯ ವಯಸ್ಸಿಗೆ ಮಗ್ಗ ಬಿಟ್ಟು ಈ ಕೆಲಸಕ್ಕೆ ಬಂದವಳು, ಹನ್ನೊಂದು ವರ್ಷ ಅದರಲ್ಲೇ ಇದ್ದಳು. ಮದ್ದು ಕೊಟ್ಟು ಇಲಿಯನ್ನು ಮಂಕು ಮಾಡಿ ಓದುವುದು ಅವಳಿಗೆ ಹಿಡಿಸುತ್ತಿರಲಿಲ್ಲ. ಬದಲಿಗೆ, ಕಂಡಿಕೆಯ ಕೆಲಸ ಮುಗಿಸಿ ಇಲಿಮನೆಯ ಗೂಡು ತೊಳೆಯಲು ಬರುತ್ತಿದ್ದ ಬಸಲಿಂಗವ್ವನ ಕೈಯಲ್ಲಿ ಕುಪ್ಪಸದ ಖಣದ ತುಂಡುಗಳಿಂದ ಇಲಿಯ ಅಳತೆಯ ಚೀಲ ಹೊಲಿಸಿದ್ದಳು. ದಿನಕ್ಕಿಷ್ಟು ಹೊತ್ತು ಎಂದು ರೂಢಿ ಮಾಡಿಸಿದರೆ ಇಲಿ ತಾನಾಗಿಯೇ ಅದರೊಳಗೆ ಹೊಕ್ಕು, ಮೂತಿ ಹೊರಗೆ ಚಾಚಿ, ಕಣ್ಣು ಬಿಟ್ಟುಕೊಂಡು ಅರ್ಧ ತಾಸು ಅಲ್ಲಾಡದೆ ಮಲಗುತ್ತಿತ್ತು. ಓಣಿಯ ಹಿರಿಯ ವಿರುಪಾಕ್ಷೆಪ್ಪ ಆ ಚೀಲಗಳನ್ನು ನೋಡಿ, ತನ್ನ ಮದುವೆಯಲ್ಲಿ ಹೆಂಡತಿಗೆ ಇಷ್ಟು ಒಳ್ಳೆಯ ಖಣ ಕೊಡಿಸಲು ಆಗಿರಲಿಲ್ಲ ಎಂದು ನಗುತ್ತಿದ್ದನಂತೆ. ಅವನ ಹೆಂಡತಿ, ಇಲಿಯೂ ನಿನ್ನನ್ನು ಮದುವೆಯಾಗುತ್ತಿರಲಿಲ್ಲ ಬಿಡು ಎಂದಳಂತೆ.

ಒಳಗನ್ನಡಿ ಬಹಳ ನಾಜೂಕು. ಗೋಡೆಯಾಚೆ ಮಗ್ಗ ಬಡಿಯುತ್ತಿದ್ದರೆ ಚಿತ್ರ ಕಲಸಿಹೋಗುತ್ತಿತ್ತು. ಆದ್ದರಿಂದ ಸಾವಂತ್ರೆವ್ವ ಅಮಾವಾಸ್ಯೆಯ ದಿನ ಮಾತ್ರ ಓದುತ್ತಿದ್ದಳು. ಅಮಾವಾಸ್ಯೆಗೆ ನೇಕಾರರು ಲಾಳಿ ಮುಟ್ಟುವುದಿಲ್ಲ. ಇಪ್ಪತ್ತೆಂಟು ಮಗ್ಗಗಳೂ ಅವತ್ತು ಸುಮ್ಮನೆ. ಪ್ರತಿ ಓದಿನ ಮೇಲೆ ಅವಳು ಬರೆಯುತ್ತಿದ್ದದ್ದು ಒಂದೇ ಸಾಲು: ಇಲಿಗಳು ನಿರಾಳ, ಮನೆ ನಿಶ್ಶಬ್ದ. ಅದು ಸುಳ್ಳಲ್ಲ. ಓದಿನ ದಿನ ಮನೆ ನಿಶ್ಶಬ್ದವಾಗಿಯೇ ಇರುತ್ತಿತ್ತು. ಉಳಿದ ದಿನಗಳ ಬಡಿತವನ್ನು ಬರೆಯಬೇಕು ಎಂದು ಅವಳಿಗೆ ಒಮ್ಮೆಯೂ ಅನ್ನಿಸಲಿಲ್ಲ. ತೊಟ್ಟಿಲಲ್ಲಿ ಮಲಗಿದ್ದಾಗಿನಿಂದ ಅದನ್ನು ಕೇಳುತ್ತ ಬೆಳೆದವಳಿಗೆ ಮಗ್ಗ ಕನ್ನಡಿಗೆ ಅಡ್ಡಿ ಎಂದು ಗೊತ್ತಿತ್ತು, ಇಲಿಗೂ ಅದು ಒಂದು ಸಂಗತಿ ಎಂದು ಗೊತ್ತಿರಲಿಲ್ಲ.

ಅವಳ ಇಲಿಗಳ ತಂಗುಬಲೆಯಲ್ಲಿ ಒಂದು ವಿಶೇಷ ಕಾಣುತ್ತಿತ್ತು. ಎಡದ ಮೀಸೆಕೇರಿಗೂ ಬಲದ ಮೀಸೆಕೇರಿಗೂ ನಡುವೆ, ಅಲ್ಲಿಂದ ನೆನಪಿನ ಜಾಗಕ್ಕೂ, ದಪ್ಪನೆಯ ಗೆರೆ. ಮೀಸೆಯನ್ನು ಯಾರೂ ಮುಟ್ಟದೆ, ಏನೂ ನಡೆಯದೆ ಇರುವಾಗಲೂ ಆ ಕೇರಿಗಳು ಒಂದೇ ಸಮನೆ ಮಾತಾಡಿಕೊಳ್ಳುತ್ತಿದ್ದವು. ಉಳಿದ ಎಂಟು ಇಲಿಮನೆಗಳಲ್ಲಿ ಅದೇ ಗೆರೆ ನೂಲಿನೆಳೆಯಷ್ಟು ತೆಳ್ಳಗೆ. ಹತ್ತು ವರ್ಷ ಹೀಗೆ ಬಂದ ಮೇಲೆ ತಾಳೆಸಭೆಗೆ ಅನುಮಾನ ಹುಟ್ಟಿತು. ಎಲ್ಲ ಮನೆಗಳ ಓದನ್ನು ಒಂದಕ್ಕೊಂದು ತಾಳೆ ನೋಡುವ ಸಭೆ ಅದು. ಒಂದೋ ಕಲ್ಲೊಡ್ಡಿಯ ಇಲಿಗಳು ಚೀಲದೊಳಗೆ ಹೆದರಿ ಮೀಸೆ ಆಡಿಸುತ್ತಿವೆ, ಇಲ್ಲವೇ ಆ ಹೆಂಗಸು ಗೆರೆಯನ್ನು ತಾನೇ ತಿದ್ದುತ್ತಿದ್ದಾಳೆ ಎಂದು ಮಾತು ಬಂತು. ಸಭೆಯಿಂದ ಕಾಗದ ಬಂತು: ಬರುವ ನಾಗರ ಅಮಾವಾಸ್ಯೆಗೆ ಒಬ್ಬ ತಾಳೆಗಾರ್ತಿಯನ್ನು ಕಳಿಸುತ್ತೇವೆ, ಅವರೇ ಓದುತ್ತಾರೆ. ಅವರ ಓದು ನಿಮ್ಮದಕ್ಕೆ ಹೊಂದದಿದ್ದರೆ ಹನ್ನೊಂದು ವರ್ಷದ ಬರಹವನ್ನೆಲ್ಲ ಲೆಕ್ಕದಿಂದ ಕಳಚಿ, ಇಲಿಮನೆ ಮುಚ್ಚಿ, ಇಲಿಗಳನ್ನು ಬೇರೆ ಮನೆಗಳಿಗೆ ಹಂಚುತ್ತೇವೆ. ಕಳಚಿದ ಓದಿನ ಜೊತೆ ಓದಿದವರ ಹೆಸರನ್ನೂ ವರ್ಷಕ್ಕೊಮ್ಮೆ ಒಂಬತ್ತೂ ಮನೆಗಳಲ್ಲಿ ಗಟ್ಟಿಯಾಗಿ ಓದುವ ಪದ್ಧತಿ ಆಗ ಇತ್ತು. ಸಾವಂತ್ರೆವ್ವ ಆ ಕಾಗದವನ್ನು ಮಡಚಿ ಸೆರಗಿಗೆ ಸಿಕ್ಕಿಸಿಕೊಂಡು ಇಲಿಗಳಿಗೆ ಕಾಳು ಹಾಕಲು ಹೋದಳು. ಆ ದಿನ ಅವಳು ಊಟ ಮಾಡಲಿಲ್ಲ ಎಂದು ಬಸಲಿಂಗವ್ವ ಹೇಳುತ್ತಿದ್ದಳು.

ಸುದ್ದಿ ಓಣಿಗೆ ತಿಳಿಯಿತು. ಅಂದು ಮಣ್ಣೆತ್ತಿನ ಅಮಾವಾಸ್ಯೆ. ಮಕ್ಕಳು ಮಣ್ಣಿನ ಎತ್ತುಗಳನ್ನು ಹಿಡಿದುಕೊಂಡು ಮನೆಮನೆಗೆ ತಿರುಗುತ್ತಿದ್ದರೆ ದೊಡ್ಡವರೆಲ್ಲ ಬೇವಿನ ಕಟ್ಟೆಗೆ ಸೇರಿದರು. ವಿರುಪಾಕ್ಷೆಪ್ಪ ಮಾತು ಎತ್ತಿದ. ಹುಡುಗಿ ಕಷ್ಟಪಟ್ಟು ಓದುತ್ತಾಳೆ, ಓದು ಕೆಡುತ್ತಿದೆ. ಯಾಕೆ ಕೆಡುತ್ತಿದೆ? ಇಲಿಗಳಿಗೆ ವಿಶ್ರಾಂತಿ ಇಲ್ಲ. ಯಾಕೆ ಇಲ್ಲ? ಗೋಡೆಯಾಚೆ ನಾವು ದಿನವಿಡೀ ಬಡಿಯುತ್ತೇವೆ. ನಮ್ಮಿಂದ ಆ ಮಗಳ ಹೆಸರು ಕೆಡಬೇಕೇ? ಇಷ್ಟಾದ ಮೇಲೆ ಬೇರೆ ಮಾತು ಬೇಕಾಗಲಿಲ್ಲ. ನಾಳೆಯಿಂದ ತಾಳೆಗಾರ್ತಿ ಬಂದು ಹೋಗುವ ತನಕ ಒಂದು ಮಗ್ಗವೂ ನಡೆಯಬಾರದು ಎಂದು ಗೊತ್ತುಮಾಡಿದರು. ಸಾವಂತ್ರೆವ್ವನಿಗೆ ಹೇಳಿದರೆ ನನ್ನ ಸಲುವಾಗಿ ನೀವು ಕೈ ಕಟ್ಟಿ ಕೂರುವುದು ಬೇಡ ಎಂದು ಹಟ ಮಾಡುತ್ತಾಳೆ. ಆದ್ದರಿಂದ ಬಣ್ಣದವರಿಂದ ನೂಲು ಬಂದಿಲ್ಲ ಎಂದು ಹೇಳುವುದು. ಇದೂ ಗೊತ್ತಾಯಿತು.

ಅವರ ಆ ಒಂದು ತಿಂಗಳ ಬಗ್ಗೆ ಬಸಲಿಂಗವ್ವ ಹೇಳುವಾಗ ಕೇಳಿದವರು ಬಿದ್ದು ಬಿದ್ದು ನಗುತ್ತಿದ್ದರಂತೆ. ಮಗ್ಗ ನಿಲ್ಲಿಸಿದ್ದು ಸಾಲದೆಂದು ಎತ್ತುಗಳ ಗೆಜ್ಜೆಯೊಳಗೆ ಅರಳೆ ತುರುಕಿದರು. ಇಲಿಮನೆಗೆ ತಾಗಿದ ಮೂರು ಮನೆಯವರು ರೊಟ್ಟಿ ಬಡಿಯುವುದನ್ನು ಬಿಟ್ಟು ತಿಂಗಳಿಡೀ ಮುದ್ದೆ, ಅನ್ನ ಉಂಡರು. ಜೋಳದ ರೊಟ್ಟಿ ಇಲ್ಲದೆ ಒಬ್ಬ ಮುದುಕ ಮುನಿಸಿಕೊಂಡು ಮಗಳ ಊರಿಗೆ ಹೋಗಿಬಿಟ್ಟ. ಹೊತ್ತಲ್ಲದ ಹೊತ್ತಿನಲ್ಲಿ ಕೂಗುತ್ತಿದ್ದ ಒಂದು ಹುಂಜವನ್ನು ಹೊಳೆಯಾಚೆಯ ನೆಂಟರ ಮನೆಗೆ ಕಳಿಸಿದರು, ಅವರು ಅದನ್ನು ಸಾರು ಮಾಡಿದರು, ಆ ಜಗಳ ಇನ್ನೊಂದು ಕಥೆ. ಗಂಡಸರು ಚೌಕಾಬಾರ ಆಡಿದರು, ಗೆದ್ದವರು ಕೂಗಬಾರದು ಎಂದು ನಿಯಮ. ನೇಯದೆ ಕೈಗಳು ಜಡವಾದವು. ಶ್ರಾವಣದ ಮದುವೆಗಳಿಗೆ ಒಪ್ಪಿಕೊಂಡ ಸೀರೆಗಳು ಮಗ್ಗಕ್ಕೆ ಹಾಸಿನ ನೂಲು ಹಾಕಿದಂತೆಯೇ, ನೇಯದೆ ಉಳಿದವು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಸಾವಂತ್ರೆವ್ವನ ಗಮನವೆಲ್ಲ ಇಲಿ ಮತ್ತು ಚೀಲಗಳ ಮೇಲೆ. ನೂಲು ಇನ್ನೂ ಬರಲಿಲ್ಲವೇ ಎಂದು ಎರಡು ಸಲ ಕೇಳಿದಳು, ಬರುತ್ತದೆ ಬರುತ್ತದೆ ಎಂದರು, ಅಷ್ಟೇ.

ತಾಳೆಗಾರ್ತಿಯ ಹೆಸರು ಚೆಲುವಾಂಬ. ಮೈಸೂರು ಸೀಮೆಯ ಇಲಿಮನೆಯಿಂದ ಬಂದವರು, ಐವತ್ತು ದಾಟಿದವರು, ಮಾತು ಕಡಿಮೆ. ನಾಗರ ಅಮಾವಾಸ್ಯೆಯ ಬೆಳಿಗ್ಗೆ ಬಂದು, ಕೈ ತೊಳೆದು, ಹನ್ನೆರಡು ಇಲಿಗಳನ್ನು ಒಂದೊಂದಾಗಿ ತಾವೇ ಓದಿದರು. ಇಲಿಗಳು ಖಣದ ಚೀಲದೊಳಗೆ ಕದಲದೆ ಮಲಗಿದ್ದನ್ನು ಕಂಡು ಅವರಿಗೆ ಆಶ್ಚರ್ಯವಾಯಿತು. ಹೆದರಿದ ಪ್ರಾಣಿಯ ಗುರುತು ಒಂದೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹನ್ನೆರಡೂ ಚಿತ್ರಗಳು ಮೇಜಿನ ಮೇಲೆ ಬಂದವು. ಗೆರೆ ತೆಳ್ಳಗಿತ್ತು. ಹನ್ನೆರಡರಲ್ಲೂ ತೆಳ್ಳಗಿತ್ತು. ಉಳಿದ ಎಂಟು ಮನೆಗಳಲ್ಲಿ ಹೇಗಿತ್ತೋ ಹಾಗೆಯೇ.

ಸಾವಂತ್ರೆವ್ವ ಚಿತ್ರಗಳನ್ನು ಮತ್ತೆ ಮತ್ತೆ ನೋಡಿದಳು. ಚೆಲುವಾಂಬ ಮೆಲ್ಲಗೆ ಹೇಳಿದರಂತೆ.

“ಆ ಗೆರೆ ಇವತ್ತು ಇಲ್ಲ ಕಣಮ್ಮ. ನಾನು ಇದ್ದದ್ದನ್ನ ಬರೀಬೇಕು.”

ಸಾವಂತ್ರೆವ್ವ, ಬರೀರಿ ಎಂದಳು. ಚೆಲುವಾಂಬ ಬರೆದರು. ಪಾಲುಗೆಲಸ ಊರಿನದಾದ್ದರಿಂದ ತೀರ್ಪನ್ನು ಊರಿನವರ ಮುಂದೆ ಓದಬೇಕಿತ್ತು. ಇಬ್ಬರೂ ಬೇವಿನ ಕಟ್ಟೆಗೆ ಬಂದರು. ಓಣಿಯವರೆಲ್ಲ ಆಗಲೇ ಅಲ್ಲಿ ಸೇರಿ, ಒಳ್ಳೆಯ ಸುದ್ದಿಗಾಗಿ ಕಾಯುತ್ತಿದ್ದರು. ಚೆಲುವಾಂಬ ಕಾಗದ ಬಿಚ್ಚುವ ಮೊದಲೇ ವಿರುಪಾಕ್ಷೆಪ್ಪ ಕೈಮುಗಿದು ಎದ್ದು ನಿಂತ. ಅವನಿಗೆ ಹೆಮ್ಮೆ ತಡೆಯಲಾಗಿರಲಿಲ್ಲ.

“ಇಲಿಗೊಳು ಆರಾಮ ಇದ್ದುವೇನ್ರಿ ಅಕ್ಕಾರ? ಒಂದ ತಿಂಗಳಾತು, ಈ ಓಣ್ಯಾಗ ಒಂದ ಲಾಳಿ ಓಡಿಲ್ರಿ. ಅವುಕ್ಕ ತ್ರಾಸ ಆಗಬಾರದಂತ ಎಲ್ಲಾ ಮಗ್ಗ ನಿಲ್ಸೇವಿ.”

ಚೆಲುವಾಂಬರಿಗೆ ಇದು ಒಮ್ಮೆಲೇ ಅರ್ಥವಾಗಲಿಲ್ಲ. ಸಾವಂತ್ರೆವ್ವ ಮಾತ್ರ ಅವನ ಹತ್ತಿರ ಬಂದಳು. ನೂಲು ಬಂದಿರಲಿಲ್ಲವಲ್ಲ ಎಂದಳು. ಒಬ್ಬರೂ ಅವಳ ಕಡೆ ನೋಡಲಿಲ್ಲ.

“ಕಾಕಾ, ಯಾವತ್ತಿಂದ ನಿಲ್ಸೀರಿ?”

“ಮಣ್ಣೆತ್ತಿನ ಅಮಾಸಿ ಮರುದಿನದಿಂದ. ನಿನಗ ಹೇಳಿದ್ರ ನೀ ಕೇಳಾಕಿ ಅಲ್ಲ, ಅದಕ್ಕ ಸುಳ್ಳ ಹೇಳಿದ್ವಿ. ಸಿಟ್ಟ ಆಗಬ್ಯಾಡ ತಂಗಿ.”

ಅವಳು ಸಿಟ್ಟಾಗಲಿಲ್ಲ. ಹನ್ನೊಂದು ವರ್ಷ ಕಣ್ಣ ಮುಂದೆಯೇ ಇದ್ದದ್ದು ಆ ಒಂದು ಮಾತಿನಿಂದ ಅವಳಿಗೆ ಕಂಡಿತ್ತು. ಚೆಲುವಾಂಬರ ಕಡೆ ತಿರುಗಿ, ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದಳು. ಮಗ್ಗ ನಡೆಯುವಾಗ ಪೆಟ್ಟು ಗೋಡೆಯಲ್ಲಿ ಇಳಿದು ಗೂಡಿಗೆ ಬರುತ್ತದೆ, ಗೂಡಿನಿಂದ ಮೀಸೆಗೆ ಬರುತ್ತದೆ. ಇಪ್ಪತ್ತೆಂಟು ದಿನ ಇಲಿಯ ಮೀಸೆ ಅದನ್ನೇ ಓದುತ್ತದೆ. ಅಮಾವಾಸ್ಯೆಯ ದಿನ ಪೆಟ್ಟು ನಿಂತರೂ ಮಿದುಳು ನಿಲ್ಲುವುದಿಲ್ಲ, ತಿಂಗಳಿಡೀ ತಟ್ಟಿಸಿಕೊಂಡದ್ದನ್ನು ಅದು ಆ ಬಿಡುವಿನಲ್ಲಿ ತನ್ನೊಳಗೇ ಮಾತಾಡಿಕೊಳ್ಳುತ್ತದೆ. ನಾನು ಓದುತ್ತಿದ್ದದ್ದು ಅದನ್ನು. ಈ ತಿಂಗಳು ತಟ್ಟಿದವರಿಲ್ಲ, ಗೆರೆಯೂ ಇಲ್ಲ.

ತಾವು ಮಾಡಿದ ಉಪಕಾರ ಏನಾಯಿತು ಎಂಬುದು ಓಣಿಯವರಿಗೆ ಅಷ್ಟಿಷ್ಟು ತಿಳಿದು ಮುಖ ಬಾಡಿತು. ವಿರುಪಾಕ್ಷೆಪ್ಪ ತಲೆಗೆ ಕೈ ಹೊತ್ತು ಕೂತುಬಿಟ್ಟ. ಚೆಲುವಾಂಬ ತಮ್ಮ ಇಲಿಮನೆಯನ್ನು ನೆನೆದರು. ಅವರ ಮನೆಯ ಇಲಿಗಳು ಹತ್ತಿ ತುಂಬಿದ ಗೋಡೆಗಳ ಒಳಗೆ, ಗೂಡಿನ ಬಾಗಿಲು ತೆರೆಯುವ ಸದ್ದು ಕೂಡ ಇಲ್ಲದೆ ಬೆಳೆದವು. ಉಳಿದ ಏಳು ಮನೆಗಳಲ್ಲೂ ಹಾಗೆಯೇ. ಕೊನೆಗೆ ಅವರು ಹೇಳಿದ ಮಾತನ್ನು ನಮ್ಮ ಊರಿನವರು ಇವತ್ತಿಗೂ ಅವರ ಸೀಮೆಯ ಧಾಟಿಯಲ್ಲೇ ಹೇಳುತ್ತಾರೆ.

“ಹಾಗಾದ್ರೆ ಏನೂ ಮುಟ್ಟದೆ ಬೆಳೆದಿದ್ದು ನಮ್ಮ ಇಲಿಗಳೇ ಕಣಮ್ಮ. ಅದನ್ನೇ ನಾವು ಸಹಜ ಅಂತ ಬರ್ಕೊಂಡು ಕೂತಿದ್ವಿ.”

ಆದರೆ ಅನ್ನಿಸಿದ್ದು ಸಾಕಾಗುವುದಿಲ್ಲ, ತೋರಿಸಬೇಕು. ಬರೆದ ತೀರ್ಪನ್ನು ಅಳಿಸುವಂತಿಲ್ಲ ಎಂದು ತಾಳೆಸಭೆಯ ನಿಯಮ. ಅದೇ ನಿಯಮದಲ್ಲಿ ಒಂದು ದಾರಿಯೂ ಇತ್ತು: ಮುಂದೆ ಏನಾಗುತ್ತದೆ ಎಂದು ಮೊದಲೇ ಬರೆದು ಮುಚ್ಚಿಟ್ಟು, ತಾಳೆಗಾರ್ತಿ ಅಲ್ಲೇ ನಿಂತು ಮತ್ತೆ ಓದಿ, ಬರೆದಂತೆಯೇ ಆದರೆ ಹೊಸ ಓದನ್ನೇ ಸಭೆ ಒಪ್ಪುತ್ತದೆ. ಚೆಲುವಾಂಬ ತಮ್ಮ ಊರಿಗೆ ಹೇಳಿಕಳಿಸಿ ಕಲ್ಲೊಡ್ಡಿಯಲ್ಲೇ ಉಳಿದರು. ಚೀಟಿ ಎತ್ತಿ ಹನ್ನೆರಡು ಇಲಿಗಳನ್ನು ಎರಡು ಪಾಲು ಮಾಡಿಸಿದರು. ಆರು ಇಲಿ ಗೋಡೆಯ ಪಕ್ಕದಲ್ಲೇ ಇರಬೇಕು. ಆರನ್ನು ಹೊಳೆಯಾಚೆಯ ಹಳೆಯ ಕಣಜದ ಮನೆಗೆ ಒಯ್ಯಬೇಕು, ಅಲ್ಲಿ ಯಾವ ಸದ್ದೂ ಇಲ್ಲ. ಯಾವ ಇಲಿ ಎಲ್ಲಿ ಹೋಯಿತು ಎಂದು ಚೆಲುವಾಂಬರಿಗೂ ಸಾವಂತ್ರೆವ್ವನಿಗೂ ತಿಳಿಯಬಾರದು. ಅವುಗಳನ್ನು ಒಯ್ಯುವುದು, ತಿಂಗಳಿಡೀ ನೋಡಿಕೊಳ್ಳುವುದು ಬಸಲಿಂಗವ್ವನ ಕೆಲಸವಾಯಿತು. ಅವಳು ಪ್ರತಿ ಇಲಿಗೂ ಹೊಸ ಚೀಲ ಹೊಲಿದು, ಮಗ್ಗದ ಕಡೆಯವಕ್ಕೆ ಕೆಂಪು, ಕಣಜದ ಕಡೆಯವಕ್ಕೆ ಹಸಿರು ದಾರವನ್ನು ಹೊಲಿಗೆಯ ಒಳಮಡಿಕೆಯಲ್ಲಿ, ಬಿಚ್ಚದೆ ಕಾಣದ ಹಾಗೆ ಇಟ್ಟಳು. ಸಾವಂತ್ರೆವ್ವ ತನ್ನ ಮಾತನ್ನು ಬರೆದ ಕಾಗದವನ್ನು ಮಡಚಿ ವಿರುಪಾಕ್ಷೆಪ್ಪನ ಕೈಗೆ ಕೊಟ್ಟಳು. ಅದನ್ನು ಅವನು ತಿಂಗಳಿಡೀ ಪೇಟದೊಳಗೆ ಇಟ್ಟುಕೊಂಡು ತಿರುಗಿದ, ಸ್ನಾನಕ್ಕೆ ಹೋಗುವಾಗ ಹೆಂಡತಿಯನ್ನು ಕಾವಲಿಗೆ ಕೂರಿಸುತ್ತಿದ್ದ.

ಇನ್ನು ಆ ತಿಂಗಳ ನೇಯ್ಗೆಯ ವಿಷಯ. ಜಡ ಹಿಡಿದಿದ್ದ ಕೈಗಳಿಗೆ ಕೆಲಸ ಸಿಕ್ಕಿತು, ಉಳಿದಿದ್ದ ಸೀರೆಗಳೂ ಇದ್ದವು, ಜೊತೆಗೆ ಸಾವಂತ್ರೆವ್ವನ ಹೆಸರು. ಕೋಳಿ ಕೂಗುವ ಹೊತ್ತಿಗೆ ಇಪ್ಪತ್ತೆಂಟು ಮಗ್ಗಗಳೂ ಶುರುವಾಗುತ್ತಿದ್ದವು. ಚೆಲುವಾಂಬ ಇಲಿಮನೆಯಲ್ಲಿ ಕೂರದೆ ನೇಕಾರರ ಮನೆಗಳಲ್ಲಿ ಕೂರತೊಡಗಿದರು. ಒಂದು ನಿಮಿಷಕ್ಕೆ ಎಷ್ಟು ಪೆಟ್ಟು, ಯಾರದು ಗಟ್ಟಿ, ಯಾರದು ಮೆತ್ತಗೆ, ಊಟದ ಹೊತ್ತು ಎಷ್ಟು, ಎಲ್ಲವನ್ನೂ ಬರೆದುಕೊಂಡರು. ಮಾತು ಕಡಿಮೆಯ ಹೆಂಗಸು ಲಾಳಿ ಎಸೆಯುವುದನ್ನು ಕಲಿತು ಮೂರು ಮೊಳ ನೇಯ್ದರು. ಅದರ ಅಂಚು ಹಾವು ಹರಿದಂತೆ ಇತ್ತು. ವಿರುಪಾಕ್ಷೆಪ್ಪ ಅದನ್ನು ಮೆಚ್ಚಿ, ಇಲಿಯ ಚೀಲಕ್ಕೆ ಆಗುತ್ತದೆ ಎಂದ.

ಬೆನಕನ ಅಮಾವಾಸ್ಯೆ ಬಂತು. ಹಿಂದಿನ ಸಂಜೆಯೇ ಹನ್ನೆರಡು ಇಲಿಗಳನ್ನೂ ಒಂದೆಡೆ ಸೇರಿಸಿದ್ದರು. ಬೆಳಿಗ್ಗೆ ಚೆಲುವಾಂಬ ಒಬ್ಬರೇ ಒಳಗೆ ಕೂತು ಓದಿದರು. ಸಾವಂತ್ರೆವ್ವ ಹೊಸ್ತಿಲು ದಾಟುವಂತಿರಲಿಲ್ಲ. ಅವಳು ಕಟ್ಟೆಯ ಮೇಲೆ, ಸುತ್ತ ಇಡೀ ಓಣಿ. ಮಧ್ಯಾಹ್ನ ಚೆಲುವಾಂಬ ಹನ್ನೆರಡು ಚಿತ್ರಗಳನ್ನು ತಂದು ಕಟ್ಟೆಯ ಮೇಲೆ ಸಾಲಾಗಿ ಹರಡಿ, ಪ್ರತಿಯೊಂದರ ಪಕ್ಕ ಅದರ ಚೀಲ ಇಟ್ಟರು. ದಪ್ಪ ಗೆರೆಯವು ಒಂದು ಕಡೆ, ತೆಳ್ಳನೆಯವು ಇನ್ನೊಂದು ಕಡೆ. ಆಮೇಲೆ ಬಸಲಿಂಗವ್ವನಿಗೆ ಕತ್ತರಿ ಕೊಟ್ಟರು. ಅವಳು ಹೊಲಿಗೆ ಬಿಚ್ಚುತ್ತ ಹೋದಳು. ಮೊದಲನೆಯದು ದಪ್ಪ, ಕೆಂಪು. ಎರಡನೆಯದು ದಪ್ಪ, ಕೆಂಪು. ಆರು ಚೀಲಗಳಲ್ಲೂ ಕೆಂಪು ದಾರವೇ ಬಂತು. ತೆಳ್ಳನೆಯವುಗಳಲ್ಲಿ ಐದು ಹಸಿರು. ಇನ್ನೊಂದೂ ಹಸಿರೇ, ಆದರೆ ಅದರ ಗೆರೆ ದಪ್ಪವೂ ಅಲ್ಲ, ತೆಳುವೂ ಅಲ್ಲ, ನಡುವೆ ಎಲ್ಲೋ ಇತ್ತು. ಅದು ಎಲ್ಲಕ್ಕಿಂತ ಮುದಿ ಇಲಿ, ಎರಡು ವರ್ಷ ಮಗ್ಗದ ಗೋಡೆಗೆ ಒರಗಿದ್ದದ್ದು. ಹೋದ ತಿಂಗಳು ತೆಳ್ಳಗಿದ್ದ ಅದರ ಗೆರೆ ಮತ್ತೆ ಯಾಕೆ ದಪ್ಪಗಾಯಿತೋ, ಹಳೆಯ ಬಡಿತ ನೆನಪಾಯಿತೋ ಏನೋ. ಚೆಲುವಾಂಬ ಅದನ್ನು ಹೇಗಿತ್ತೋ ಹಾಗೆ ಬರೆದರು. ವಿರುಪಾಕ್ಷೆಪ್ಪ ಪೇಟ ಬಿಚ್ಚಿ ಕಾಗದ ಕೊಟ್ಟ. ಗೋಡೆಯ ಪಕ್ಕದವಕ್ಕೆ ದಪ್ಪ ಗೆರೆ, ಕಣಜದವಕ್ಕೆ ತೆಳ್ಳನೆಯದು ಎಂದು ಅದರಲ್ಲಿತ್ತು; ಆ ಮುದಿ ಇಲಿಯೊಂದನ್ನು ಬಿಟ್ಟು ಕಟ್ಟೆಯ ಮೇಲಿನ ಚಿತ್ರಗಳೆಲ್ಲ ಅದಕ್ಕೆ ಹೊಂದಿದವು. ಹನ್ನೊಂದು ವರ್ಷದ ಓದು ಸರಿಯೆಂದು ಉಳಿಯಿತು. ಓಣಿಯಲ್ಲಿ ಎದ್ದ ಕೂಗಿಗೆ ಬೇವಿನ ಮರದ ಗಿಳಿಗಳೆಲ್ಲ ಹಾರಿಹೋದವು. ಸಾವಂತ್ರೆವ್ವನ ಎರಡೂ ಕೈಗಳನ್ನು ಹಿಡಿದುಕೊಂಡು ಚೆಲುವಾಂಬ ಪಕ್ಕದಲ್ಲೇ ಕೂತರು.

ಅಲ್ಲಿಂದ ಬಂದ ಫಲವನ್ನು ನಾವು ಇವತ್ತು ಉಣ್ಣುತ್ತಿದ್ದೇವೆ. ಪಾರ್ಶ್ವವಾಯು ಹೊಡೆದು ಕೈ ಸತ್ತವರಿಗೆ ನಮ್ಮಲ್ಲಿ ತಟ್ಟುತಂಗು ಎಂಬ ಚಿಕಿತ್ಸೆ ಇದೆ. ದಿನಕ್ಕಿಷ್ಟು ಹೊತ್ತು ಅಂಗೈಗೆ, ಬೆರಳ ತುದಿಗೆ ಅಳತೆಯ ತಟ್ಟು. ಆಮೇಲೆ ಅಷ್ಟೇ ಅಳತೆಯ ಬಿಡುವು. ತಟ್ಟಿದ್ದು ಬಿಡುವಿನಲ್ಲಿ ಬಲೆಯಾಗಿ ಹೆಣೆದುಕೊಳ್ಳುತ್ತದೆ. ನನ್ನ ತಾಯಿಯ ಬಲಗೈ ಹಾಗೆ ಮರಳಿ ಬಂತು. ಈಗ ಆಕೆ ಅದೇ ಕೈಯಿಂದ ನನಗೆ ಬಡಿಸುತ್ತಾಳೆ, ಬೇಡವೆಂದರೂ ಇನ್ನೊಂದು ರೊಟ್ಟಿ ಹಾಕುತ್ತಾಳೆ. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳನ್ನು ನಿಶ್ಶಬ್ದದಲ್ಲಿ ಮುಚ್ಚಿಡದೆ ತಾಯಿಯ ಎದೆಯ ಬಡಿತದ ಮೇಲೆ ಮಲಗಿಸುತ್ತೇವೆ. ಇಲಿಮನೆಗಳ ಗೋಡೆಯ ಹತ್ತಿಯನ್ನು ಎಂದೋ ಕಿತ್ತುಹಾಕಿದೆವು. ಕಳಚಿದ ಓದಿನವರ ಹೆಸರನ್ನು ಗಟ್ಟಿಯಾಗಿ ಓದುವ ಪದ್ಧತಿಯೂ ನಿಂತಿತು. ಅದರ ಬದಲು ಪ್ರತಿ ಓದಿನ ತಲೆಯ ಮೇಲೆ ಒಂದು ಹೊಸ ಸಾಲು ಬಂತು: ಗೋಡೆಯಾಚೆ ಏನಿದೆ. ಹಿಂದಿನ ತಿಂಗಳಲ್ಲಿ ಆ ಪ್ರಾಣಿ ಏನು ಕೇಳಿತು, ಏನು ಮುಟ್ಟಿತು, ಯಾರು ಅದರ ಹತ್ತಿರ ಓಡಾಡಿದರು ಎಂದು ಬರೆಯದೆ ಯಾವ ಚಿತ್ರ ಕೊಟ್ಟರೂ ಸಭೆ ತೆಗೆದುಕೊಳ್ಳುವುದಿಲ್ಲ.

ನಿಮ್ಮ ಬರಹಗಳನ್ನು ನಾವು ಗೌರವದಿಂದ ಓದಿದ್ದೇವೆ. ಇಲಿಯ ಮೀಸೆಗೆ ಗಾಳಿ ಊದಿ, ಪಾದಕ್ಕೆ ಮೆಲ್ಲಗೆ ತಟ್ಟಿ, ಆಮೇಲೆ ಸುಮ್ಮನೆ ಬಿಟ್ಟು, ಆ ಬಿಡುವಿನಲ್ಲಿ ಮಿದುಳು ಏನು ಮಾಡುತ್ತದೆ ಎಂದು ಮೊದಲು ಇಣುಕಿದವರು ನೀವೇ. ನೀವು ಇಣುಕದಿದ್ದರೆ ನಮಗೆ ಓದಲು ಏನೂ ಇರುತ್ತಿರಲಿಲ್ಲ. ಒಂದೇ ಕೋರಿಕೆ. ನಿಮ್ಮ ಓದು ಇನ್ನೊಬ್ಬರ ಓದಿಗೆ ಹೊಂದದ ದಿನ ಅದನ್ನು ಹರಿದುಹಾಕಬೇಡಿ. ಎದ್ದು ಹೊರಗೆ ಬನ್ನಿ, ಪಕ್ಕದ ಮನೆಯಲ್ಲಿ ಯಾರಿದ್ದಾರೆ ನೋಡಿ, ಅವರ ಹತ್ತಿರ ಕೂತು ಅವರು ದಿನವಿಡೀ ಏನು ಮಾಡುತ್ತಾರೆ ಎಂದು ಕೇಳಿ. ಗೂಡು ತೊಳೆಯುವವರನ್ನು ಮೊದಲು ಕೇಳಿ. ನಿಮಗೆ ಒಳ್ಳೆಯದಾಗಲಿ ಎಂದು ಅವರು ನಿಮಗೆ ಹೇಳದೆ ಏನನ್ನೋ ಮಾಡುತ್ತಿರಬಹುದು.

ಬಸಲಿಂಗವ್ವ ಅವತ್ತು ಕಥೆ ಮುಗಿಸಿ ಕಟ್ಟೆಯಿಂದ ಇಳಿದಾಗ ಕೇಳಿದವರು ಎದ್ದು ಮನೆಗೆ ಹೋದರು. ಮರುದಿನ ಬೆಳಿಗ್ಗೆ ಒಬ್ಬರೂ ಕುಣಿಗೆ ಇಳಿಯಲಿಲ್ಲ. ಸ್ನಾನ ಮಾಡಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಇಲಿಮನೆಯ ಬಾಗಿಲಿಗೆ ಬಂದು ಸಾಲಾಗಿ ನಿಂತರು. ಹನ್ನೊಂದು ವರ್ಷ ಗೋಡೆಯ ಈಚೆಗಿದ್ದವರು ಆ ಇಲಿಗಳನ್ನು ಒಂದು ಸಲವೂ ನೋಡಿರಲಿಲ್ಲ. ಸಾವಂತ್ರೆವ್ವ ಬಾಗಿಲು ತೆಗೆದು, ಇಬ್ಬಿಬ್ಬರನ್ನೇ ಒಳಗೆ ಬಿಟ್ಟಳು. ಮೊದಲು ಬಂದವರು ವಿರುಪಾಕ್ಷೆಪ್ಪ ಮತ್ತು ಅವನ ಹೆಂಡತಿ. ಮುದುಕ ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಓಣಿ ಇನ್ನೂ ಸುಮ್ಮನಿತ್ತು. ಗೂಡಿನ ಇಲಿಗಳೆಲ್ಲ ಗೋಡೆಯ ಕಡೆ ಮುಖ ಮಾಡಿ, ಮೀಸೆಗಳನ್ನು ಮುಂದಕ್ಕೆ ಚಾಚಿ ನಿಂತಿದ್ದವು. ಅವನು ಮೊಣಕಾಲಿಗೆ ಕೈ ಊರಿ ಎದ್ದು, ಬಾಗಿಲ ಹೊರಗೆ ನಿಂತಿದ್ದವರಿಗೆ ಹೇಳಿದ.

“ನಡೀರಿ, ಮಗ್ಗ ಹಚ್ರಿ. ಇವು ಕಾಯಾಕತ್ತಾವ.”